ಮೂವತ್ತೆಂಟರ ಅಚ್ಚು

ಆಡಿಸ್ ಅಬಾಬಾದ ಮೆರ್ಕಾತೊ ಸಂತೆಯ ಬೆನ್ನಿಗೆ
ತಗಡಿನ ಕೆಳಗೆ ಚೆಲ್ಲಾಪಿಲ್ಲಿ ಕೂತಿದ್ದ
ಬೂಟು ಹೊಲಿಯುವವರನ್ನು ಎತ್ತಿ ತಂದು
ಸರ್ಕಾರ ಈ ಐದಂತಸ್ತಿನಲ್ಲಿ ಪೇರಿಸಿತು,
ಒಬ್ಬರ ಪಕ್ಕ ಒಬ್ಬರನ್ನು, ಒಬ್ಬರ ತಲೆಯ ಮೇಲೊಬ್ಬರನ್ನು:
ಹತ್ತಿರವಿದ್ದರೆ ಕಲಿತಾರು ಎಂದು.

ಕೆಳಗೊಂದು ಕೋಣೆ. 'ಅರಿವಿನ ವಿನಿಮಯ ಕೇಂದ್ರ.' ಬೀಗ.
ಬೀಗದ ಕೈ ಲೆಗೆಸ್ಸೆಯವರ ಹತ್ತಿರ,
ಲೆಗೆಸ್ಸೆ ರಜೆಯಲ್ಲಿ.
ಕಿಟಕಿಗೆ ಹಣೆ ಒತ್ತಿ ನೋಡಿದೆ. ಕಟ್ಟಿಕೊಟ್ಟ ಬುತ್ತಿ:
ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಮೂವತ್ತು ಕುರ್ಚಿ.

ನನ್ನ ಕೆಲಸ ಸಣ್ಣದು. ಇಲಾಖೆಯ ನಮೂನೆ,
ನಲವತ್ತೊಂದು ಪ್ರಶ್ನೆ. ಹದಿನೇಳನೆಯದು:
ಕಳೆದ ಆರು ತಿಂಗಳಲ್ಲಿ ನೆರೆಯ ಘಟಕದಿಂದ
ತಾವು ಏನಾದರೂ ಕಲಿತಿರಾ?

"ಇಲ್ಲ" ಅಂದಳು ಅಸ್ನಾಕೆಚ್, ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.
"ಅವನಿಂದ, ನಾನು?" ಅಂದ ಝೆರಿಹುನ್.
ಅವನು ಅಂದದ್ದೂ ಅದೇ, ಗೋಡೆಯ ಆ ಮಗ್ಗುಲಲ್ಲಿ.
ಸೊನ್ನೆ ಬರೆದು ಬರೆದು ನನ್ನ ಕೈ ದುಂಡಗಾಯಿತು.

ಆದರೆ ಇದು ಜುಲೈ. ಬಿಡದ ಮಳೆ, ಹಿಡಿಯದ ಅಂಟು,
ಅಟ್ಟೆಗಳು ಬಾಯಿ ಬಿಡುವ ತಿಂಗಳು.
ನೋಡುತ್ತೇನೆ, ಪ್ರತಿ ಅಂಗಡಿಯಲ್ಲೂ
ಇಂಜೆರಾ ಹುಯ್ಯುವ ಕರೆಂಟಿನ ಹಂಚು,
ಮೇಲೆ ರೊಟ್ಟಿಯಲ್ಲ, ಸಾಲು ಸಾಲು ಅಟ್ಟೆ
ಬೆನ್ನು ಕಾಯಿಸಿಕೊಳ್ಳುತ್ತ.
"ಇದನ್ನು ಹೇಳಿಕೊಟ್ಟವರು ಯಾರು?"
"ಯಾರೂ ಇಲ್ಲ. ಎಲ್ಲರೂ ಹೀಗೇ ಮಾಡುವುದು."
ಎಲ್ಲರೂ ಎಂಬವರ ಅಂಗಡಿ ಎಷ್ಟನೆಯ ಅಂತಸ್ತು?
ನನ್ನ ಪಟ್ಟಿಯಲ್ಲಿ ಆ ಹೆಸರಿಲ್ಲ.

ಬಣ್ಣ ಮಾತ್ರ ಗುಟ್ಟು.
ಎರಡನೆಯ ಅಂತಸ್ತಿನ ಮುದುಕ ಹೈಲೆಮಿಕಾಯೆಲ್
ಕಡುಗೆಂಪು ಕಲಸುವಾಗ ಪರದೆ ಎಳೆಯುತ್ತಾನೆ,
ಡಬ್ಬಿಯ ಮೇಲಿನ ಚೀಟಿ ಕೆರೆದು ತೆಗೆಯುತ್ತಾನೆ,
ಹೆಂಡತಿಗೂ ಹೇಳಿಲ್ಲವಂತೆ.
ಹೇಳಬೇಕಾಗಿಯೂ ಇರಲಿಲ್ಲ.
ನೆಲ ಒರೆಸುತ್ತಿದ್ದ ಫಿಕಿರ್ತೆಗೆ ಮೂಗಿತ್ತು,
ಒರೆಸುವ ಬಟ್ಟೆ ಹಿಂಡುವಾಗ ಕಣ್ಣೂ ಇತ್ತು.
ಈಗ ನಾಲ್ಕನೆಯ ಅಂತಸ್ತಿನಲ್ಲಿ ಅವಳದೇ ಅಂಗಡಿ,
ಅದೇ ಕೆಂಪು, ಒಂದೆಳೆ ತಿಳಿ.
ಮುದುಕ ಮಾತು ಬಿಟ್ಟು ಎರಡು ವರ್ಷ.
ತನ್ನ ಬಣ್ಣ ತೀರಿದ ದಿನ, ಗಿರಾಕಿ ಕಾದಿರುವಾಗ,
ಮೊಮ್ಮಗನ ಕೈಲಿ ಖಾಲಿ ಡಬ್ಬಿ ಮೇಲೆ ಹತ್ತುತ್ತದೆ.
ತುಂಬಿ ಇಳಿಯುತ್ತದೆ.
ಇದನ್ನು ಯಾವ ಕಾಲಮ್ಮಿಗೆ ಬರೆಯಲಿ?

ಆಮೇಲೆ ಈ ಅಚ್ಚು.
ಮರದ ಪಾದ, ಎಡದ್ದು, ಹೆಂಗಸರ ಮೂವತ್ತೆಂಟು.
ಇಡೀ ಕಟ್ಟಡಕ್ಕೆ ಮೂರೇ ಜೊತೆ;
ಹೊಸದಕ್ಕೆ ಡಾಲರು ಬೇಕು, ಡಾಲರಿಲ್ಲ.
ಹಾಗಾಗಿ ಇದು ದಿನಾ ಮೆಟ್ಟಿಲು ಹತ್ತಿಳಿಯುತ್ತದೆ
ಕಿರುಬೆಲ್ ಎಂಬ ಹುಡುಗನ ಕಂಕುಳಲ್ಲಿ.
ಅಸ್ನಾಕೆಚ್ ನನ್ನ ಕೈಗಿಟ್ಟಳು:
"ಹಿಡಿದಿರು, ಮೊಳೆ ಹುಡುಕುತ್ತೇನೆ."

ಹೊರಳಿಸಿದೆ. ಇಟಲಿಯ ಕಾಲಿಗೆ ಕಡೆದದ್ದು.
ಹೆಬ್ಬೆರಳ ಬುಡಕ್ಕೆ ಯಾರೋ ತೊಗಲಿನ ತೇಪೆ ಅಂಟಿಸಿದ್ದಾರೆ,
ಇಲ್ಲಿನ ಹೆಂಗಸರು ಬರಿಗಾಲಲ್ಲಿ ಬೆಳೆದವರು, ಪಾದ ಅಗಲ.
ಇನ್ಯಾರೋ ಆ ತೇಪೆಯ ಅಂಚು ಹೆರೆದಿದ್ದಾರೆ.
ಕಮಾನಿನ ಬಳಿ ಪೆನ್ಸಿಲ್ಲು: ಎರಡು ಮಿಲಿ.
ಅದಕ್ಕೆ ಅಡ್ಡಗೀಟು, ಬೇರೆ ಕೈಬರಹ: ಒಂದೂವರೆ.
ಅದರ ಕೆಳಗೆ, ಸಿಟ್ಟಿನಲ್ಲಿ ಒತ್ತಿ: ಎರಡೇ.
ಹಿಮ್ಮಡಿಯ ಮೇಲೆ ಕಡುಗೆಂಪಿನ ಹೆಬ್ಬೆಟ್ಟು,
ತಿಳಿಯೋ ಗಾಢವೋ, ಈ ಬೆಳಕಿನಲ್ಲಿ ತಿಳಿಯದು.
ಹೆಸರು ಒಂದೂ ಇಲ್ಲ.

ಆಗ ಮೆಟ್ಟಿಲ ಬಾವಿಯೊಳಗಿಂದ ಕಿರುಬೆಲ್‌ನ ಕೂಗು:
"ಮೂವತ್ತೆಂಟು ಯಾರ ಹತ್ತಿರ?"
ನಾಲ್ಕು ಬಾಗಿಲು ಒಟ್ಟಿಗೆ:
"ನಮ್ಮಲ್ಲಿಲ್ಲ!"
ಅಸ್ನಾಕೆಚ್ ತುಟಿಯ ಮೊಳೆಗಳ ಸಂದಿನಿಂದ
ನನ್ನನ್ನು ನೋಡಿದಳು.
ಹದಿನೇಳನೆಯ ಪ್ರಶ್ನೆಯನ್ನು ಮಡಿಲಲ್ಲಿ ಹರಡಿ,
ಅಚ್ಚನ್ನು ಅದರಡಿಗೆ ಸರಿಸಿ,
ನಾನೂ ಕೂಗಿದೆ:
"ಇಲ್ಲಿಲ್ಲ!"